ಕನ್ಫರ್ಮೇಶನ್ ಆಯಿತು, ಮುಂದೇನು?

(ಪುಣೆಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯುವಜನರೂ ಅವರ ತಂದೆತಾಯಂದಿರೂ ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸ ಇದು. ಓದುವವರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಸಭಾಪಾಲಕರೇ, ಹಿರಿಯರೇ, ಹಿಂದಿನ ಬೆಂಚುಗಳಲ್ಲಿ ಕೂತಿರುವ ಯುವ ಗೆಳೆಯರೇ,

ಹದಿನಾರರಿಂದ ಮೂವತ್ತರವರೆಗಿನ ವಯಸ್ಸಿನ ಬಗ್ಗೆ ಇವತ್ತು ಮಾತಾಡುತ್ತೇನೆ. ನಮ್ಮ ಸಭೆಗಳಲ್ಲಿ ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಿಸುತ್ತೇವೆ. ಆಮೇಲೆ ಸಂಡೇ ಸ್ಕೂಲು. ಹದಿನೈದು ಹದಿನಾರಕ್ಕೆ ಕನ್ಫರ್ಮೇಶನ್ ಕ್ಲಾಸು, ಅಂದರೆ ದೀಕ್ಷಾಸ್ನಾನದ ವಿಶ್ವಾಸವನ್ನು ತಾನೇ ಒಪ್ಪಿಕೊಳ್ಳುವ ಸಂಸ್ಕಾರಕ್ಕೆ ತಯಾರಿ. ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ, ಎಲ್ಲ ಬಾಯಿಪಾಠ. ಬಿಳಿ ಬಟ್ಟೆ, ಫೋಟೋ, ನೆಂಟರಿಗೆ ಬಿರಿಯಾನಿ. ಅಲ್ಲಿಗೆ ಪಾಠ ಮುಗಿಯಿತು. ಆ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಸಭೆ ಮತ್ತೆ ವಿಶ್ವಾಸದ ಮಾತಾಡುವುದು ಯಾವಾಗ? ಮದುವೆ ನಿಶ್ಚಯ ಆದಾಗ. ನಡುವೆ ಹತ್ತು ಹನ್ನೆರಡು ವರ್ಷ ಖಾಲಿ. ಮನುಷ್ಯನಿಗೆ ಅತಿ ಜಾಸ್ತಿ ಪ್ರಶ್ನೆ ಬರುವುದು ಅದೇ ವರ್ಷಗಳಲ್ಲಿ ಅಲ್ವಾ?

"ಹುಡುಗರು ಚರ್ಚಿಗೆ ಬರುವುದು ಬಿಟ್ಟರು" ಅಂತ ಹಿರಿಯರು ನೊಂದುಕೊಳ್ಳುವುದನ್ನು ಕೇಳಿದ್ದೇನೆ. ಆ ನೋವು ನಿಜವಾದದ್ದು. ಆದರೆ ಇಪ್ಪತ್ತೈದು ವರ್ಷದವರ ಕೈಯಲ್ಲಿ ನಾವು ಕೊಟ್ಟಿರುವುದು ಹತ್ತು ವರ್ಷದ ಮಗುವಿನ ವಿಶ್ವಾಸ. ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಕೆಲಸ ಹೋದಾಗ, ಬೇರೆ ಧರ್ಮದ ಗೆಳತಿ ಮನಸ್ಸಿಗೆ ಹಿಡಿಸಿದಾಗ ಅದು ಸಾಲುವುದಿಲ್ಲ. ದೊಡ್ಡವರಿಗೆ ಬೇಕಾದ ವಿಶ್ವಾಸವನ್ನು ನಾವು ಅವರಿಗೆ ತೋರಿಸಿಯೇ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ನಾವು ಯಾರು ಅನ್ನುವುದನ್ನು ನೋಡೋಣ. ಇಲ್ಲಿ ಕೂತಿರುವ ಬಹಳ ಮಂದಿಯ ಅಜ್ಜ ಅಜ್ಜಿ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆಯವರು. ಕೆಲವರು ಬೀದರ್, ಕಲಬುರಗಿಯ ಮೆಥಡಿಸ್ಟ್ ಸಭೆಗಳವರು. ಖಡ್ಕಿಯ ಮದ್ದುಗುಂಡಿನ ಕಾರ್ಖಾನೆ, ರೈಲ್ವೆ, ಪಿಂಪ್ರಿಯ ಕಂಪನಿಗಳು ಅಂತ ಕೆಲಸ ಹುಡುಕಿ ಬಂದರು. ಯಾರದೋ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕನ್ನಡದಲ್ಲಿ ಪ್ರಾರ್ಥನೆ ಶುರು ಮಾಡಿದರು. ಅವರ ಮೊಮ್ಮಕ್ಕಳು ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್.

ಈ ಮಕ್ಕಳು ಕಾಲೇಜಿಗೆ ಹೋದ ಮೊದಲ ವಾರವೇ ಒಂದು ಪ್ರಶ್ನೆ ಎದುರಾಗುತ್ತದೆ. ಹೆಸರು ಸ್ಯಾಮ್ಯುಯೆಲ್ ಅಂತಿದ್ದರೆ "ನೀನು ಗೋವಾದವನಾ, ಕೇರಳದವನಾ?" ದೇವದಾಸ ಅಂತಿದ್ದರೆ "ಮತ್ತೆ ಕ್ರಿಶ್ಚಿಯನ್ ಅಂತೀಯಲ್ಲ, ಹೇಗೆ?" ಕನ್ನಡ ಮಾತಾಡುವ ಕ್ರೈಸ್ತರೂ ಇದ್ದಾರೆ ಅನ್ನುವುದೇ ಅವರಿಗೆ ಹೊಸದು. ಕನ್ನಡದ ಗೆಳೆಯರು ಸಿಕ್ಕರೂ ಅದೇ ಕಥೆ. "ನೀವು ಮನೆಯಲ್ಲಿ ಇಂಗ್ಲಿಷ್ ಮಾತಾಡ್ತೀರಲ್ವಾ?" ಅನ್ನುತ್ತಾರೆ. ಆದರೆ ನೋಡಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಅದೇ ಮಿಶನ್ನಿನ ಮೋಗ್ಲಿಂಗ್ ಅವರ ಕೈಯಿಂದ. ಕಿಟೆಲ್ ಅವರ ನಿಘಂಟು 1894ರದ್ದು. ಅದಕ್ಕೂ ಮೊದಲೇ, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ನಮ್ಮ ಮನೆತನಗಳು ಕನ್ನಡದಲ್ಲಿ ಪ್ರಾರ್ಥನೆ ಮಾಡುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ನಮ್ಮ ಮಕ್ಕಳಿಗೆ ಇಷ್ಟಾದರೂ ಗೊತ್ತಿರಬೇಕು.

ಮೊನ್ನೆ ನಮ್ಮ ಕಾಯರಿನ (ಚರ್ಚಿನ ಹಾಡುವ ತಂಡದ) ಒಬ್ಬ ಹುಡುಗಿಯ ಹಾಡಿನ ಪುಸ್ತಕ ಕೈಗೆ ಸಿಕ್ಕಿತು. ಅವಳ ಅಜ್ಜಿಯದು. ಹೊಲಿಗೆ ಬಿಚ್ಚಿಹೋಗಿ ಮತ್ತೆ ದಪ್ಪ ದಾರದಲ್ಲಿ ಹೊಲಿಸಿದ್ದಾರೆ. ರಟ್ಟಿನ ಮೂಲೆಗಳಿಗೆ ಎಣ್ಣೆ ಕೈ ತಾಗಿ ಕಪ್ಪಾಗಿದೆ. ಒಳಗೆ ಪ್ರತಿ ಕನ್ನಡ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ದೇವನಾಗರಿ ಅಕ್ಷರ. ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತ ಮರಾಠಿ ಅಕ್ಷರದಲ್ಲಿ ಕನ್ನಡದ ಹಾಡು ಬರೆದುಕೊಂಡಿದ್ದಾಳೆ. ಕೆಲವು ಪದಗಳ ಕೆಳಗೆ ಗೆರೆ ಎಳೆದಿದ್ದಾಳೆ. ಅಂಚಿನಲ್ಲಿ 'ಅಜ್ಜಿಯನ್ನು ಕೇಳಬೇಕು' ಅಂತ ಮರಾಠಿಯಲ್ಲಿ ಬರೆದಿಟ್ಟಿದ್ದಾಳೆ. ಇನ್ನೊಂದು ಪುಟದಲ್ಲಿ, ಎಲ್ಲವನ್ನೂ ನಿನಗೇ ಕೊಡುತ್ತೇನೆ ಎಂದು ಹಾಡುವ ಚರಣದ ಪಕ್ಕ, ದೊಡ್ಡದೊಂದು ಪ್ರಶ್ನೆ ಚಿಹ್ನೆ. ಆ ಸಾಲಿನಲ್ಲಿ ಅರ್ಥವಾಗದ ಪದ ಯಾವುದೂ ಇರಲಿಲ್ಲ.

ಆ ಪ್ರಶ್ನೆ ಚಿಹ್ನೆ ನನಗೆ ತುಂಬಾ ಇಷ್ಟವಾಯಿತು. ಹಾಡುವಾಗ ಅವಳು ಯೋಚನೆ ಮಾಡುತ್ತಿದ್ದಾಳೆ.

ತಂದೆತಾಯಂದಿರಿಗೆ ಒಂದು ಮಾತು. ನಾವು ಮಕ್ಕಳಿಗೆ ಮೂರು ವಸ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತೇವೆ. ಕನ್ನಡ ಭಾಷೆ, ನಮ್ಮ ಜನ, ಯೇಸುವಿನಲ್ಲಿ ವಿಶ್ವಾಸ. ಕನ್ನಡ ಬರದಿದ್ದರೆ "ಸಭೆ ಮರೆತ" ಅನ್ನುತ್ತೇವೆ. ಹೊರಗೆ ಮದುವೆಯಾದರೆ "ವಿಶ್ವಾಸ ಬಿಟ್ಟಳು" ಅನ್ನುತ್ತೇವೆ. ಆಗ ಮಕ್ಕಳು ಏನು ಮಾಡುತ್ತಾರೆ? ಮೂರರಲ್ಲಿ ಒಂದು ಬೇಡ ಅನಿಸಿದರೆ ಇಡೀ ಗಂಟನ್ನೇ ಬಿಟ್ಟು ಹೋಗುತ್ತಾರೆ. ಭಾಷೆ ಮತ್ತು ಜನ ಹುಟ್ಟಿನಿಂದ ಬರುತ್ತವೆ, ಕೇಳದೆಯೇ ಸಿಗುತ್ತವೆ. ವಿಶ್ವಾಸ ಹಾಗೆ ಬರುವುದಿಲ್ಲ. ನಾನು ಕನ್ನಡವನ್ನು ಪ್ರಾಣದಷ್ಟು ಪ್ರೀತಿಸುವವಳು. ಆದರೂ ಹೇಳುತ್ತೇನೆ, ಕನ್ನಡ ಬರದ ಮೊಮ್ಮಗಳು ಇಂಗ್ಲಿಷಿನಲ್ಲಿ ಮನಸ್ಸಿಟ್ಟು ಪ್ರಾರ್ಥನೆ ಮಾಡಿದರೆ ಅವಳು ನಮ್ಮಿಂದ ಏನನ್ನೂ ಕಿತ್ತುಕೊಂಡಿಲ್ಲ.

ನಮ್ಮ ಎಷ್ಟೋ ಮಕ್ಕಳು ಈಗ ದೊಡ್ಡ ಇಂಗ್ಲಿಷ್ ಸಭೆಗಳಿಗೆ ಹೋಗುತ್ತಾರೆ. ಅಲ್ಲಿ ಬ್ಯಾಂಡು, ಲೈಟು. ಹಿರಿಯರಿಗೆ ಇದು ಹಿಡಿಸುವುದಿಲ್ಲ. ಒಬ್ಬ ಯುವಕನನ್ನು ಯಾಕಪ್ಪಾ ಅಲ್ಲಿಗೆ ಹೋಗ್ತೀ ಅಂತ ಕೇಳಿದೆ. "ಅಲ್ಲಿ ನನ್ನ ಕಡೆ ತಿರುಗಿ, ನೀನು ನಂಬ್ತೀಯಾ ಅಂತ ಕೇಳಿದರು ಆಂಟಿ. ಇಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಮನೆಯವರೆಲ್ಲ ನಂಬ್ತಾರೆ ಅಂತ ಗೊತ್ತಿತ್ತು ಅಷ್ಟೆ" ಅಂದ. ಅವನ ಮಾತಿಗೆ ನಾವು ಉತ್ತರ ಕೊಡಬೇಕಾಗಿದೆ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ಅದರಿಂದ ಒಂದೇ ಒಂದು ವಿಷಯ ತರುತ್ತೇನೆ. ಎರಿಕ್ ಎರಿಕ್ಸನ್ ಅವರು, ಹದಿಹರೆಯದ ದೊಡ್ಡ ಕೆಲಸ 'ನಾನು ಯಾರು' ಅಂತ ಕಂಡುಕೊಳ್ಳುವುದು ಎಂದರು. ಅವರ ಹಾದಿಯಲ್ಲೇ 1966ರಲ್ಲಿ ಜೇಮ್ಸ್ ಮಾರ್ಸಿಯಾ ಒಂದು ವ್ಯತ್ಯಾಸ ತೋರಿಸಿದರು. ಕೆಲವರು ಹುಡುಕಿ, ತಡಕಾಡಿ, ಆಮೇಲೆ ಇದು ನನ್ನದು ಅನ್ನುತ್ತಾರೆ. ಕೆಲವರು ಹುಡುಕುವುದೇ ಇಲ್ಲ. ಅಪ್ಪ ಅಮ್ಮ ಹೇಳಿದ್ದನ್ನು ಹಾಗೇ ಹಾಕಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಗಟ್ಟಿ. ಹುಡುಕಾಟದ ನಡುವೆ ಇರುವವರು ಮಾತ್ರ ಅಲುಗಾಡುತ್ತಿರುವ ಹಾಗೆ ಕಾಣುತ್ತಾರೆ. ನಮ್ಮ ಸಭೆಗಳು ಹೊಗಳುವುದು ಸಾಮಾನ್ಯವಾಗಿ ಯಾರನ್ನು? ಪ್ರಶ್ನೆ ಕೇಳದವರನ್ನು. ಹೆದರುವುದು ಯಾರಿಗೆ? ಹುಡುಕುತ್ತಿರುವವರಿಗೆ. ಇದು ತಿರುಗುಮುರುಗು.

ಇದನ್ನು ಸತ್ಯವೇದ (ಬೈಬಲ್) ಮನಶ್ಶಾಸ್ತ್ರಕ್ಕಿಂತ ಎಷ್ಟೋ ಮೊದಲೇ ಹೇಳಿದೆ. ಸಮುವೇಲನ ಕಥೆ ನಿಮಗೆಲ್ಲ ಗೊತ್ತು. ತಾಯಿ ಹನ್ನ ಹರಕೆ ಹೊತ್ತು ಪಡೆದ ಮಗ. ಹಾಲು ಬಿಟ್ಟ ಕೂಡಲೇ ಶೀಲೋವಿನ ಆಲಯಕ್ಕೆ ತಂದುಬಿಟ್ಟಳು. ಆಲಯದಲ್ಲೇ ಬೆಳೆದ, ಅಲ್ಲೇ ಸೇವೆ ಮಾಡಿದ, ಅಲ್ಲೇ ಮಲಗಿದ. ರಾತ್ರಿ ದೇವರು ಹೆಸರು ಹಿಡಿದು ಕರೆದರೆ ಆಲಯದ ಯಾಜಕ ಏಲಿ ಕರೆದ ಅಂದುಕೊಂಡು ಎದ್ದು ಓಡಿದ. ಹೀಗೆ ಮೂರು ಸಲ. ಆ ಅಧ್ಯಾಯದ ಏಳನೇ ವಚನವನ್ನು ನಾವು ಸಂಡೇ ಸ್ಕೂಲಿನಲ್ಲಿ ಬೇಗ ದಾಟಿಬಿಡುತ್ತೇವೆ. ಸಮುವೇಲನಿಗೆ ಇನ್ನೂ ಕರ್ತನ ಪರಿಚಯ ಆಗಿರಲಿಲ್ಲ ಅಂತ ಅಲ್ಲಿ ಬರೆದಿದೆ. ಆಲಯದೊಳಗೇ ಬೆಳೆದ ಹುಡುಗನ ಬಗ್ಗೆ ಬಂದ ಮಾತು ಅದು! ಸತ್ಯವೇದ ಅವನನ್ನು ಅದಕ್ಕಾಗಿ ಬೈಯುವುದಿಲ್ಲ. ಏಲಿಯೂ ಬೈಯಲಿಲ್ಲ. ಇದು ದೇವರ ಸ್ವರ ಇರಬಹುದು ಅಂತ ತಿಳಿದ ಮೇಲೆ, ಹೋಗಿ ಮಲಗು, ಮತ್ತೆ ಕರೆದರೆ ನೀನೇ ಉತ್ತರ ಕೊಡು ಅಂದ. ಅವನ ಬದಲು ತಾನು ಉತ್ತರ ಕೊಡಲು ಹೋಗಲಿಲ್ಲ.

ಈಗ ನಮ್ಮೂರಿನ ಒಬ್ಬ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಂಡಿತಾ ರಮಾಬಾಯಿ ಅಂದರೆ ಎಲ್ಲರೂ ಪುಣೆಯವರು, ಮಹಾರಾಷ್ಟ್ರದವರು ಅನ್ನುತ್ತಾರೆ. ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ಸಿಟ್ಟಿಗೆ ಗುರಿಯಾದವರು. ಆ ತಾಯಿಯೇ ರಮಾಬಾಯಿಗೆ ಭಾಗವತ ಬಾಯಿಪಾಠ ಮಾಡಿಸಿದರು. ಕುಟುಂಬ ಊರೂರು ಸುತ್ತಿ ಪುರಾಣ ಓದುತ್ತಾ ಹೊಟ್ಟೆ ಹೊರೆಯಿತು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದ ಅಣ್ಣನ ಜೊತೆ ನಡೆಯುತ್ತಾ ನಡೆಯುತ್ತಾ 1878ರಲ್ಲಿ ಕಲ್ಕತ್ತಾ ತಲುಪಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಅಲ್ಲಿನ ವಿದ್ವಾಂಸರು ಪಂಡಿತಾ ಅಂತ, ಸರಸ್ವತಿ ಅಂತ ಬಿರುದು ಕೊಟ್ಟರು. ಎರಡು ವರ್ಷದಲ್ಲಿ ಅಣ್ಣನೂ ಹೋದ. ಬಂಗಾಳಿ ವಕೀಲರೊಬ್ಬರನ್ನು ಜಾತಿ ಮೀರಿ ಮದುವೆಯಾದರು. ಅವರೂ 1882ರಲ್ಲಿ ಕಾಲರಾದಿಂದ ತೀರಿಕೊಂಡರು. ಎತ್ತಿಕೊಳ್ಳಲು ಒಂದು ಹೆಣ್ಣುಮಗು ಉಳಿಯಿತು. ಅದೇ ವರ್ಷ ಪುಣೆಗೆ ಬಂದರು.

ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಓದಿ ಇಷ್ಟಪಟ್ಟರು. ಗಂಡನಿಗೆ ಅದು ಹಿಡಿಸಲಿಲ್ಲ. ಪುಣೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಪರಿಚಯವಾಯಿತು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಬಿದ್ದುಹೋದವರು ಅಂತ ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿನ ಸಿಸ್ಟರುಗಳು ಅಕ್ಕತಂಗಿಯರ ಹಾಗೆ ನೋಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದಾಗ, ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತಾಡಿದ ಕಥೆಯನ್ನು ಓದಿ ಹೇಳಿದರು. ಆ ಕಥೆ ರಮಾಬಾಯಿಯವರ ಮನಸ್ಸಿಗೆ ನಾಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಇಪ್ಪತ್ತೈದು.

ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡರೆ ರಮಾಬಾಯಿಯವರನ್ನು ನಾವು ಅರ್ಧ ಮಾತ್ರ ಓದಿದ ಹಾಗೆ. ದೀಕ್ಷಾಸ್ನಾನ ಆದ ಮೇಲೆಯೇ ಅವರ ಪ್ರಶ್ನೆಗಳು ಜೋರಾದವು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿಯೇಕತ್ವದ ಬಗ್ಗೆ ಕೇಳಿದರು. ಚರ್ಚಿನ ಕೆಲವು ಪ್ರಮಾಣಗಳನ್ನು ಒಪ್ಪಲಾರೆ ಅಂದರು. ಮಾಂಸ ತಿನ್ನಲಿಲ್ಲ. ತಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರಿಗೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ನಮ್ಮ ದೇಶದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಈಗ ಅಂಥದ್ದೇ ಇನ್ನೊಂದನ್ನು ಹೆಗಲಿಗೆ ಹಾಕಿಕೊಳ್ಳಲು ತಯಾರಿಲ್ಲ ಎನ್ನುವ ಅರ್ಥದ ಮಾತು ಆ ಪತ್ರಗಳಲ್ಲಿದೆ. ಸಿಸ್ಟರಿಗೆ ಇದೆಲ್ಲ ಅಹಂಕಾರವಾಗಿ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಮನೆಯವರನ್ನೆಲ್ಲ ಕಳೆದುಕೊಂಡು, ಪರದೇಶದಲ್ಲಿ, ಬೇರೆಯವರ ಅನ್ನ ತಿನ್ನುತ್ತಾ, ಆದರೂ ನಂಬಿಕೆಯ ವಿಷಯದಲ್ಲಿ ಒಂದು ಅಕ್ಷರವನ್ನೂ ಸುಮ್ನೆ ಒಪ್ಪಿಕೊಳ್ಳದ ಹೆಣ್ಣುಮಗಳು ಅವರು. ದೇವರನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಎಷ್ಟು ಜನ ಇದ್ದಾರೆ?

ಎಷ್ಟೋ ವರ್ಷಗಳ ನಂತರ, ತಮ್ಮ ವಿಶ್ವಾಸದ ಕಥೆ ಹೇಳಿಕೊಂಡ ಸಾಕ್ಷಿಯಲ್ಲಿ, ರಮಾಬಾಯಿಯವರೇ ಹಿಂತಿರುಗಿ ನೋಡಿದ್ದಾರೆ. ದೀಕ್ಷಾಸ್ನಾನದ ಹೊತ್ತಿಗೆ ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅವರು ಹೇಳುವುದರ ತಾತ್ಪರ್ಯ. ಅದಕ್ಕೆ ಇನ್ನೂ ಸುಮಾರು ಎಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರು ಅಮೆರಿಕಕ್ಕೆ ಹೋಗಿ ಬಂದಿದ್ದರು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು, ಅದನ್ನು ಪುಣೆಗೆ ತಂದಿದ್ದರು. ಊರೆಲ್ಲ ಕ್ರೈಸ್ತಳು ಅನ್ನುತ್ತಿದ್ದ ಆ ವರ್ಷಗಳಲ್ಲಿ ಅವರು ಒಳಗೆ ಇನ್ನೂ ಹುಡುಕುತ್ತಲೇ ಇದ್ದರು. ಆಮೇಲೆ ಕೆಡಗಾಂವ್‌ನಲ್ಲಿ ಮುಕ್ತಿ ಮಿಶನ್ ಕಟ್ಟಿದರು. ಬರಗಾಲದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳು ಅಲ್ಲಿ ಬದುಕಿ ಉಳಿದರು. ಕಲಬುರಗಿಯಲ್ಲೂ ಒಂದು ಶಾಲೆ ನಡೆಸಿದರು, ಮಗಳು ಮನೋರಮಾ ಅದನ್ನು ನೋಡಿಕೊಂಡರು. ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಸರಳ ಮರಾಠಿಗೆ ತಂದರು. ಆ ಕೆಲಸ ಮುಗಿಸಿ 1922ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೆಡಗಾಂವ್ ಇಲ್ಲಿಂದ ದೌಂಡ್ ಕಡೆಯ ರೈಲಿನಲ್ಲಿ ಹೋದರೆ ಸಿಗುತ್ತದೆ. ಯುವಜನ ಕೂಟದವರು ಪ್ರತಿ ವರ್ಷ ಪಿಕ್ನಿಕ್‌ಗೆ ಲೋನಾವಳಾಕ್ಕೆ ಹೋಗುತ್ತೀರಿ. ಒಂದು ಸಲ ಕೆಡಗಾಂವ್‌ಗೆ ಹೋಗಿ ಬನ್ನಿ.

ಅದೇ ಕಾಲದ ಇನ್ನೊಬ್ಬರು ಲಕ್ಷ್ಮೀಬಾಯಿ ಟಿಳಕ್. ಗಂಡ, ಮರಾಠಿ ಕವಿ ನಾರಾಯಣ ವಾಮನ ಟಿಳಕ್, 1895ರಲ್ಲಿ ಕ್ರೈಸ್ತರಾದರು. ಲಕ್ಷ್ಮೀಬಾಯಿ ಆಗಲಿಲ್ಲ. ವರ್ಷಗಟ್ಟಲೆ ದೂರ ಇದ್ದರು. ಮತ್ತೆ ಒಂದೇ ಮನೆಗೆ ಬಂದ ಮೇಲೂ ಅಡುಗೆ ಬೇರೆ, ನೀರು ಬೇರೆ. ಗಂಡ ಒಪ್ಪಿದ ಅಂತ ಅವರು ಒಪ್ಪಲಿಲ್ಲ. ತಮಗೆ ಅನಿಸಿದಾಗ, 1900ರಲ್ಲಿ, ತಾವಾಗಿಯೇ ದೀಕ್ಷಾಸ್ನಾನ ಪಡೆದರು. ಹೆಂಡತಿಯ ನಂಬಿಕೆ ಗಂಡನ ನಂಬಿಕೆಯ ಬಾಲ ಅಂದುಕೊಂಡಿದ್ದ ಕಾಲದಲ್ಲಿ!

ಇನ್ನು ದಿನನಿತ್ಯದ ಪ್ರಶ್ನೆಗಳಿಗೆ ಬರೋಣ. ಪುಣೆಯಲ್ಲಿ ಪ್ರತಿ ವರ್ಷ ಗಣಪತಿ ಬಂದಾಗ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪಕ್ಕದ ಮನೆ ಕಾಕು ಮೋದಕ ತಂದುಕೊಟ್ಟಿದ್ದಾರೆ. ತಿನ್ನಬಹುದಾ? ಮಗು ಕೇಳಿದರೆ ಕೆಲವರು "ಬ್ಯಾಡ, ಪಾಪ" ಅನ್ನುತ್ತಾರೆ. ಕೆಲವರು "ತಿನ್ನು, ಏನೂ ಆಗಂಗಿಲ್ಲ" ಅನ್ನುತ್ತಾರೆ. ಮಗುವಿಗೆ ಅಷ್ಟು ಸಾಕು. ಹಾಡಿನ ಪುಸ್ತಕದ ಆ ಹುಡುಗಿ ಇದ್ದಾಳಲ್ಲ, ಅವಳು ಇಪ್ಪತ್ತೊಂದನೇ ವಯಸ್ಸಿನಲ್ಲಿ ಕಾಲೇಜಿನ ಗೆಳತಿಯರ ಜೊತೆ ಗಣಪತಿ ಮೆರವಣಿಗೆಯಲ್ಲಿ ಬಾರಿಸುವ ಢೋಲ್-ತಾಶಾ ಪಥಕ ಸೇರಿದಳು. ಮಳೆಗಾಲದ ಸಂಜೆ ನದಿ ದಂಡೆಯಲ್ಲಿ ಪ್ರಾಕ್ಟೀಸು. ಸೊಂಟಕ್ಕೆ ಢೋಲು ಕಟ್ಟಿಕೊಂಡು ಗಂಟೆಗಟ್ಟಲೆ ಬಾರಿಸಿ ಅಂಗೈ ಬೊಕ್ಕೆ ಬಂದಿತ್ತು. ಮನೆಯಲ್ಲಿ ಜಗಳ. ಅವಳು ನನ್ನ ಹತ್ತಿರ ಬಂದು, "ನಾನು ಪೂಜೆ ಮಾಡ್ತಾ ಇದ್ದೀನಾ, ಬರೀ ಢೋಲು ಬಾರಿಸ್ತಾ ಇದ್ದೀನಾ?" ಅಂತ ಕೇಳಿದಳು.

ಈ ಪ್ರಶ್ನೆಗೆ ಹೌದು ಇಲ್ಲ ಅನ್ನುವ ಉತ್ತರ ಇಲ್ಲ. ಯೇಸುವಿನ ಅಪೊಸ್ತಲ ಪೌಲನ ಹತ್ತಿರ ಕೊರಿಂಥ ಪಟ್ಟಣದ ಸಭೆಯವರು ಇದನ್ನೇ ಕೇಳಿದ್ದರು. ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಹುದಾ ಅಂತ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೇ ಮತ್ತು ಹತ್ತನೇ ಅಧ್ಯಾಯ ಓದಿ ನೋಡಿ. ವಿಗ್ರಹ ಏನೂ ಅಲ್ಲ, ತಿಂದರೆ ನಷ್ಟವಿಲ್ಲ 'ಆದರೆ' ಅನ್ನುತ್ತಾನೆ ಪೌಲ. ನಿನ್ನ ಪಕ್ಕದ ವಿಶ್ವಾಸಿಯ ಮನಸ್ಸಾಕ್ಷಿಗೆ ಪೆಟ್ಟಾಗುತ್ತದಾ ನೋಡು. ಎರಡು ಕಡೆ ಪಾಲುಗಾರನಾಗಬೇಡ. ಊಟಕ್ಕೆ ಕರೆದವರ ಮನೆಗೆ ಹೋದರೆ ಎಲ್ಲಿಂದ ಬಂತು ಅಂತ ಕೆದಕಬೇಡ. ಅಲ್ಲಿ ಯಾರಾದರೂ ಇದು ನೈವೇದ್ಯ ಅಂತ ಹೇಳಿದರೆ ಅವರಿಗಾಗಿ ಬಿಟ್ಟುಬಿಡು. ಒಂದೇ ವಿಷಯಕ್ಕೆ ಇಷ್ಟೊಂದು ತಿರುವು. ಯಾಕೆ? ದೊಡ್ಡವರಿಗೆ ಬರೆಯುತ್ತಿದ್ದಾನೆ. ನಿಯಮ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ನೀವು ಯೋಚಿಸಿ, ನಿಮ್ಮ ಜೊತೆ ಇರುವವರನ್ನೂ ನೋಡಿ ಅನ್ನುತ್ತಾನೆ. ನಾವಿಬ್ಬರೂ ಆ ಎರಡು ಅಧ್ಯಾಯಗಳನ್ನು ಸಾಲು ಸಾಲಾಗಿ ಓದಿದೆವು. ಅವಳು ಪಥಕದಲ್ಲೇ ಉಳಿದಳು, ಆರತಿಯ ಹೊತ್ತಿಗೆ ಪಕ್ಕಕ್ಕೆ ಸರಿದು ನಿಲ್ಲುವುದು ಅಂತ ತಾನೇ ತೀರ್ಮಾನ ಮಾಡಿದಳು, ಗೆಳತಿಯರಿಗೂ ಹೇಳಿದಳು. ಅವರು "ಸರಿ" ಅಂದರು ಅಷ್ಟೆ. ಇನ್ನೊಬ್ಬರು ಬೇರೆ ತೀರ್ಮಾನಕ್ಕೆ ಬರಬಹುದು. ಬರಲಿ. ಬಾಯಿಗೆ ಏನು ಹೋಯಿತು ಅನ್ನುವ ಭಯ ಈ ಊರಿಗೆ ಹೊಸದಲ್ಲ. 1890ರಲ್ಲಿ ಇಲ್ಲಿನ ಪಂಚ ಹೌದ್ ಎಂಬ ಕ್ರೈಸ್ತ ಮಿಶನ್ನಿನಲ್ಲಿ ಕೊಟ್ಟ ಚಹಾದ ಸಲುವಾಗಿ ಸಮಾಜ ಸುಧಾರಕ ರಾನಡೆ, ಬಾಲಗಂಗಾಧರ ತಿಲಕ ಅಂಥವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು.

ಫೋನಿನಲ್ಲಿ ಬರುವ ಬೈಗುಳದ ಬಗ್ಗೆಯೂ ಹೇಳಬೇಕು. 'ಅಕ್ಕಿ ಮೂಟೆ ಕ್ರೈಸ್ತರು' ಅಂತ, ಅಂದರೆ ಅಕ್ಕಿಯ ಆಸೆಗೆ ಧರ್ಮ ಬದಲಿಸಿದವರು ಅಂತ. ನಿಮ್ಮ ಅಜ್ಜನಿಗೆ ಎಷ್ಟು ಕೊಟ್ಟರು ಅಂತ ಕಾಲೇಜಿನ ಗ್ರೂಪಿನಲ್ಲೇ ಕೇಳುತ್ತಾರೆ. ಹತ್ತೊಂಬತ್ತು ವರ್ಷದ ಮನಸ್ಸಿಗೆ ಇದು ಎಷ್ಟು ನೋಯುತ್ತದೆ ಅಂತ ನನಗೆ ಗೊತ್ತು. ಇತಿಹಾಸ ಓದಿಕೊಳ್ಳಿ. 1844ರಲ್ಲಿ ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. ಊರಿನಲ್ಲಿ ದೊಡ್ಡ ಗಲಾಟೆ ಆಯಿತು. ಆ ಕಾಲದಲ್ಲಿ ಧರ್ಮ ಬದಲಿಸಿದವರು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನೇ ಕಳೆದುಕೊಳ್ಳಬಹುದಿತ್ತು. ಅದನ್ನು ತಡೆಯುವ ಕಾನೂನು ಬಂದದ್ದು 1850ರಲ್ಲಿ. ಜಾತಿ ಹೋದರೆ ಕಸುಬೂ ಹೋಗುತ್ತಿತ್ತು. ಬಾಸೆಲ್ ಮಿಶನ್ನಿನವರು ನೇಯ್ಗೆ, ಹೆಂಚಿನ ಕಾರ್ಖಾನೆ ತೆರೆದದ್ದಕ್ಕೆ ಅದೂ ಒಂದು ಕಾರಣ. ಹಸಿದಿದ್ದಾಗ ಅನ್ನ ಕೊಟ್ಟವರ ಕಡೆ ಯಾರಾದರೂ ಬಂದಿದ್ದರೆ ಅದರಲ್ಲೂ ನಾಚಿಕೆ ಪಡುವಂಥದ್ದು ನನಗೆ ಏನೂ ಕಾಣುವುದಿಲ್ಲ. ಆದರೆ ಅಜ್ಜ ಯಾಕೆ ಬಂದ ಅನ್ನುವುದು ಅಜ್ಜನ ಮಾತು. ಗ್ರೂಪಿನಲ್ಲಿ ಜಗಳಕ್ಕೆ ಇಳಿಯುವ ಮೊದಲು, ನಾನು ಯಾಕೆ ಇದ್ದೇನೆ ಅಂತ ನೀವೇ ಕೇಳಿಕೊಳ್ಳಿ.

ಇನ್ನೊಂದು ವಿಷಯವನ್ನು ನಮ್ಮ ಸಭೆಗಳಲ್ಲಿ ಯಾರೂ ವೇದಿಕೆಯ ಮೇಲೆ ಮಾತಾಡುವುದಿಲ್ಲ. ಹನ್ನೆರಡನೇ ಕ್ಲಾಸು ಮುಗಿದು ಅಡ್ಮಿಶನ್ ಫಾರ್ಮ್ ಬರುತ್ತದೆ. ಧರ್ಮ ಅನ್ನುವ ಕಡೆ ಏನು ಬರೆಯಬೇಕು? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಬೀದರ್, ಕಲಬುರಗಿ ಕಡೆಯ ಎಷ್ಟೋ ಕ್ರೈಸ್ತ ಮನೆಗಳು ದಲಿತರ ಮನೆಗಳು. ಕಾಗದದಲ್ಲಿ ಹಿಂದೂ, ಭಾನುವಾರ ಕ್ರೈಸ್ತ. ಹದಿನೇಳು ವರ್ಷದ ಮಗು, ನಾನು ಸುಳ್ಳು ಹೇಳ್ತಾ ಇದ್ದೀನಾ ಅಂತ ರಾತ್ರಿ ನಿದ್ದೆಗೆಡುತ್ತದೆ. ಸ್ಕಾಲರ್‌ಶಿಪ್ಪಿಗೂ ಸತ್ಯಕ್ಕೂ ನಡುವೆ ಒಂದನ್ನು ಆರಿಸಿಕೋ ಅಂತ ಮಗುವಿಗೆ ಹೇಳುವ ಕಾನೂನು ಅನ್ಯಾಯದ್ದು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಂಥ ಮನೆಗಳ ಬಗ್ಗೆ ಚರ್ಚಿನ ಅಂಗಳದಲ್ಲಿ ಪಿಸುಮಾತು ಆಡುವವರಿಗೂ ಒಂದು ಮಾತು. ಕ್ರೈಸ್ತರಾದ ಮೇಲೆ ಜಾತಿ ಹೋಯಿತು ಅನ್ನುವ ನಾವು ಮದುವೆಯ ಹೊತ್ತಿಗೆ ಮೂಲ ಯಾವುದು ಅಂತ ಯಾಕೆ ವಿಚಾರಿಸುತ್ತೇವೆ? ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ನನಗೆ ತಿಳಿದಂತೆ, ಯಾವ ವಿಜ್ಞಾನದ ಪುಸ್ತಕವೂ ಅವರ ವಿಶ್ವಾಸವನ್ನು ಇಷ್ಟು ಅಲುಗಿಸಿಲ್ಲ.

ತಂದೆತಾಯಂದಿರು ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಒಮ್ಮೆ ಯೇಸುವಿನ ತಾಯಿ ಮರಿಯಳ ಕಡೆಯಿಂದ ಓದಬೇಕು. ಯೆರೂಸಲೇಮಿನಲ್ಲಿ ಪಸ್ಕ ಹಬ್ಬ ಮುಗಿಸಿ ಒಂದು ದಿನದ ದಾರಿ ಬಂದ ಮೇಲೆ ಹನ್ನೆರಡು ವರ್ಷದ ಮಗ ಜೊತೆಯಲ್ಲಿಲ್ಲ. ಮೂರು ದಿನಗಳ ನಂತರ ಅಲ್ಲಿನ ದೇವಾಲಯದಲ್ಲಿ ಸಿಕ್ಕಿದ. ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಾ, ಪ್ರಶ್ನೆ ಕೇಳುತ್ತಾ ಇದ್ದ. ತಾಯಿ ಆತಂಕದಲ್ಲಿ ಗದರಿದಳು. ಅವನು ಕೊಟ್ಟ ಉತ್ತರ ತಂದೆತಾಯಿಗಳಿಗೆ ಅರ್ಥವಾಗಲಿಲ್ಲ ಅಂತ ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅರ್ಥವಾಗದಿದ್ದರೂ ಅವಳು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ಸುಮಾರು ಮೂವತ್ತು ವರ್ಷ ಆಗುವವರೆಗೆ ಸುವಾರ್ತೆಗಳಲ್ಲಿ ಅವನ ಬದುಕಿನ ಇನ್ನೊಂದು ಘಟನೆಯೂ ಇಲ್ಲ. ಆ ವರ್ಷಗಳನ್ನು ದೇವರೇ ಅವಸರ ಮಾಡಲಿಲ್ಲ. ನಮಗೇಕೆ ಅವಸರ?

ಈ ಸಭೆಯ ಹಿರಿಯರ ಹತ್ತಿರ ನನ್ನ ಬೇಡಿಕೆ ಇಷ್ಟು. ಕನ್ಫರ್ಮೇಶನ್ ಆದ ಮೇಲೆ ನಿಜವಾದ ಕ್ಲಾಸು ಶುರು ಮಾಡಿ. ತಿಂಗಳಿಗೊಂದು ಸಂಜೆ ಸಾಕು. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದರಲ್ಲಾದರೂ ಮಾತಾಡಲಿ. ಹಾಜರಿ ತೆಗೆದುಕೊಳ್ಳಬೇಡಿ. ಭಾನುವಾರ ಬರದವರೂ ಬರಬಹುದು ಅಂತ ಹೇಳಿ. ಅಲ್ಲಿ ಕೇಳಿದ ಪ್ರಶ್ನೆ ಮನೆಗೆ ಹೋಗಿ ಮುಟ್ಟಬಾರದು. ಕಲಿಸುವವರು ಇಲ್ಲ ಅನ್ನಬೇಡಿ. ಬಿಬ್ವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಿಂದ ಇದೆ. ನಗರ ರಸ್ತೆಯಲ್ಲಿ ಕಥೋಲಿಕರ ಜ್ಞಾನ ದೀಪ ಇದೆ. ದೇಶದ ಮೂಲೆಮೂಲೆಯಿಂದ ದೇವರ ವಿದ್ಯೆ ಕಲಿಯಲು ಈ ಊರಿಗೆ ಬರುತ್ತಾರೆ. ನಮ್ಮ ಮಕ್ಕಳು ಇಲ್ಲೇ ಹುಟ್ಟಿ, ಸೃಷ್ಟಿಯ ಕಥೆ ಇರುವ ಆದಿಕಾಂಡವನ್ನು ವಿಜ್ಞಾನದ ಜೊತೆ ಹೇಗೆ ಓದಬೇಕು ಅಂತ ಗೊತ್ತಾಗದೆ ಯೂಟ್ಯೂಬಿನಲ್ಲಿ ಹುಡುಕುತ್ತಿದ್ದಾರೆ.

ಉಪನ್ಯಾಸ ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ, "ಮಗ ನಾನು ದೇವರನ್ನ ನಂಬಲ್ಲ ಅಂತಾನ್ರೀ. ಅವನ ಮುಂದ ಊಟದ ಪ್ರಾರ್ಥನೆ ಮಾಡಬೇಕೋ ಬ್ಯಾಡೋ?" ಅಂತ ಕೇಳಿದರು. ಮಾಡಿ ಅಂದೆ. ಮನೆ ನಿಮ್ಮದೂ ಹೌದು, ಪ್ರಾರ್ಥನೆ ನಿಮ್ಮದು. ಆದರೆ ಪ್ರಾರ್ಥನೆಯಲ್ಲಿ ಅವನ ಹೆಸರು ತೆಗೆದು ಅವನಿಗೆ ಬುದ್ಧಿ ಹೇಳಬೇಡಿ. ಅವನು ಕಣ್ಣು ಮುಚ್ಚಿದನಾ ಅಂತ ನೋಡಬೇಡಿ. ಯಾಕೆ ನಂಬುವುದಿಲ್ಲ ಅಂತ ಒಂದು ದಿನ ಪೂರ್ತಿ ಕೇಳಿಸಿಕೊಳ್ಳಿ, ನಡುವೆ ಉತ್ತರ ಕೊಡದೆ.

ಇನ್ನೊಬ್ಬ ಕಾಯರಿನಲ್ಲಿ ಗಿಟಾರ್ ನುಡಿಸುವ ಹುಡುಗ. "ನನಗೆ ಇನ್ನೂ ಗ್ಯಾರಂಟಿ ಇಲ್ಲ ಆಂಟಿ. ನುಡಿಸುವುದು ಮೋಸ ಆಗುತ್ತಾ?" ಅಂದ. ಕರ್ತನ ಪರಿಚಯ ಇಲ್ಲದ ದಿನಗಳಲ್ಲೂ ಸಮುವೇಲ ಆಲಯದ ಸೇವೆ ಮಾಡುತ್ತಿದ್ದ, ಯಾರೂ ಅವನನ್ನು ಹೊರಗೆ ಹಾಕಲಿಲ್ಲ, ಹಾಗಾಗಿ ಗಿಟಾರ್ ಬಿಡಬೇಡ ಅಂದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ವಿಷಯ ಮಾತ್ರ ಬೇರೆ, ಅದನ್ನು ನಾನೊಬ್ಬಳೇ ಹೇಳಿಬಿಡುವುದು ಸರಿಯಲ್ಲ, ಸಭಾಪಾಲಕ ಅಯ್ಯನವರ ಹತ್ತಿರ ಕೂತು ಮಾತಾಡೋಣ ಅಂದೆ. ಅಯ್ಯನವರು ಅಲ್ಲೇ ಇದ್ದರು. ಬುಧವಾರ ಸಂಜೆ ಆರೂವರೆಗೆ ಬಾ ಅಂದರು.